ಸನ್ನಿ, ಬ್ರೌನಿ ಮತ್ತು ನಮ್ಮ ಒಂದು ಭಾನುವಾರ

ಶನಿವಾರ ರಾತ್ರಿ ನಾನೂ ನನ್ನ ಗೆಳೆಯನೂ ಜಗಳ ಆಡಿದೆವು. ಅವನು ದಾವಣಗೆರೆಯವನು, ನಾನು ತಿಪಟೂರಿನವನು. ಇಬ್ಬರೂ ಕೆಲಸಕ್ಕೆಂದು ಅಮೆರಿಕದ ನಾರ್ತ್ ಕ್ಯಾರೊಲಿನಾದ ಡರಮ್‌ಗೆ ಬಂದವರು. ಅವನದು ಗಿಟಾರ್, ನನ್ನದು ಮೌತ್ ಆರ್ಗನ್. "ನೀನು ಒಂದು ಕ್ಷಣ ನಿಲ್ಲಿಸಲ್ಲ ಮಾರಾಯ, ನನ್ನ ಗಿಟಾರ್ ಯಾರಿಗೆ ಕೇಳ್ಬೇಕು?" ಅಂದ. ನಾನೂ ಏನೋ ಅಂದೆ. ಎದ್ದು ಹೋಗಿಬಿಟ್ಟ.

ನಿದ್ದೆ ಬರಲಿಲ್ಲ. ಮೌತ್ ಆರ್ಗನ್ನಿನ ಸನ್ನಿ ಟೆರ್ರಿ ಮತ್ತು ಗಿಟಾರಿನ ಬ್ರೌನಿ ಮೆಕ್‌ಗೀ ಅವರ ಹಳೆಯ ಕಪ್ಪುಬಿಳುಪು ವಿಡಿಯೋ ಹಾಕಿಕೊಂಡು ಕೂತೆ. ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್ ಅಂದರೆ ನನಗೆ ಮೊದಲಿಂದಲೂ ಈ ಇಬ್ಬರೇ. ಬ್ರೌನಿಯ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದೇ ಸಮನೆ ನಡೆಯುತ್ತದೆ, ಉಳಿದ ಬೆರಳುಗಳು ಮೇಲೆ ರಾಗ ಎತ್ತುತ್ತವೆ. ಅವರು ಹಾಡುವಾಗ ಸನ್ನಿ ತಗ್ಗುತ್ತಾರೆ, ಕೆಲವೊಮ್ಮೆ ಪೂರ್ತಿ ನಿಲ್ಲಿಸುತ್ತಾರೆ. ಸಾಲು ಮುಗಿದ ಮೇಲೆ ಮೌತ್ ಆರ್ಗನ್ನಿನಲ್ಲಿ ಒಂದು ಉತ್ತರ, ನಡುವೆ 'ಹೂ' ಅಂತ ಒಂದು ಕೂಗು, ಆ ಕೂಗು ಎಲ್ಲಿ ಮುಗಿಯಿತು ವಾದ್ಯ ಎಲ್ಲಿ ಶುರುವಾಯಿತು ಅಂತ ಹೇಳಲಿಕ್ಕೇ ಆಗುವುದಿಲ್ಲ. ಗಿಟಾರ್ 'ಇ' ಶ್ರುತಿಯಲ್ಲಿದ್ದರೆ ಸನ್ನಿಯ ಕೈಯಲ್ಲಿ 'ಎ' ಮೌತ್ ಆರ್ಗನ್. ಹೀಗೆ ಜೋಡಿಸಿದಾಗ ಮುಖ್ಯ ಸ್ವರಗಳು ಊದಿದಾಗ ಅಲ್ಲ, ಉಸಿರು ಒಳಗೆಳೆದಾಗ ಬರುತ್ತವೆ. ಸ್ವರ ಬಾಗುವುದು, ಅತ್ತ ಹಾಗೆ ಕೇಳುವುದು ಎಲ್ಲ ಅಲ್ಲೇ. ಅವತ್ತು ಮಾತ್ರ ನನ್ನ ಗಮನವೆಲ್ಲ ಸನ್ನಿ ನುಡಿಸದೇ ಇರುವ ಜಾಗಗಳ ಮೇಲೇ ಇತ್ತು.

ಬೆಳಿಗ್ಗೆ ಎದ್ದು ಹಳೆಯ ತಂಬಾಕು ಗೋದಾಮುಗಳ ಕಡೆ ನಡೆದುಕೊಂಡು ಹೋದೆ. ಇಟ್ಟಿಗೆ ಕಟ್ಟಡಗಳು ಹಾಗೇ ಇವೆ, ಒಳಗೆ ಈಗ ಆಫೀಸು, ಹೋಟೆಲು. 1930ರ ದಶಕದಲ್ಲಿ ರೈತರು ತಂಬಾಕು ಮಾರಿ ದುಡ್ಡು ಹಿಡಿದು ಹೊರಬರುವ ಹೊತ್ತಿಗೆ ಇದೇ ಊರಿನ ಬೀದಿಗಳಲ್ಲಿ ಸನ್ನಿ, ಬ್ಲೂಸ್ ಗಿಟಾರ್ ವಾದಕ ಬ್ಲೈಂಡ್ ಬಾಯ್ ಫುಲ್ಲರ್ ಜೊತೆ ನುಡಿಸುತ್ತಿದ್ದರು. ಇಬ್ಬರಿಗೂ ಕಣ್ಣಿರಲಿಲ್ಲ. ಸನ್ನಿಯದು ಹುಡುಗರಾಗಿದ್ದಾಗ ಆದ ಎರಡು ಅಪಘಾತಗಳಲ್ಲಿ ಹೋಗಿತ್ತು. ಇಲ್ಲಿಂದಲೇ ಅವರು 1938ರಲ್ಲಿ ನ್ಯೂಯಾರ್ಕಿನ ಕಾರ್ನೆಗೀ ಹಾಲ್ ವೇದಿಕೆ ಹತ್ತಿದ್ದು. 1941ರಲ್ಲಿ ಫುಲ್ಲರ್ ತೀರಿಕೊಂಡರು. ಆಮೇಲೆ ನ್ಯೂಯಾರ್ಕಿನಲ್ಲಿ ಬ್ರೌನಿ ಜೊತೆಯ ಜೋಡಿ ಗಟ್ಟಿಯಾಯಿತು. ಬ್ರೌನಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿತ್ತು. ತಮ್ಮ ಅವರನ್ನು ಗಾಡಿಯಲ್ಲಿ ಕೂರಿಸಿ ಕೋಲಿನಿಂದ ತಳ್ಳಿಕೊಂಡು ಓಡಾಡಿಸುತ್ತಿದ್ದನಂತೆ, ಅದಕ್ಕೇ ಆ ತಮ್ಮನಿಗೆ 'ಸ್ಟಿಕ್' ಅಂತ ಹೆಸರು ಬಿತ್ತು.

ನಮಗೆ ತಕ್ಷಣ ನೆನಪಾಗುವುದು ಚಿಕ್ಕಂದಿನಲ್ಲಿ ಕೇಳಿದ ಕುರುಡ ಕುಂಟನ ಕಥೆ, ಅಲ್ವಾ? ಕುಂಟ ಕುರುಡನ ಹೆಗಲೇರಿ ದಾರಿ ತೋರಿಸಿದ ಅನ್ನುವುದು. ಇವರದು ಅಷ್ಟು ಸಿಹಿಯಾದ ಕಥೆ ಅಲ್ಲ. ಮೂವತ್ತು ವರ್ಷಕ್ಕೂ ಜಾಸ್ತಿ ಜೊತೆಯಲ್ಲಿ ಊರೂರು ಸುತ್ತಿದರು, ಬ್ರಾಡ್‌ವೇ ನಾಟಕದಲ್ಲೂ ಕಾಣಿಸಿಕೊಂಡರು. ಆದರೆ ಕೊನೆಕೊನೆಗೆ ಒಬ್ಬರಿಗೊಬ್ಬರು ಆಗುತ್ತಿರಲಿಲ್ಲ. ವೇದಿಕೆ ಇಳಿದರೆ ಮಾತಿಲ್ಲ. 1970ರ ದಶಕದ ನಡುವಿನಲ್ಲಿ ಬೇರೆಯಾದರು. 1982ರಲ್ಲಿ ಜನಪದ ಕಲಾವಿದರಿಗೆ ಕೊಡುವ ಅಮೆರಿಕದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಇಬ್ಬರಿಗೂ ಬಂತು. 1986ರಲ್ಲಿ ಸನ್ನಿ ಹೋದರು, 1996ರಲ್ಲಿ ಬ್ರೌನಿ.

ಈ ವಿಷಯ ಮೊದಲ ಸಲ ಓದಿದಾಗ ನನಗೆ ತುಂಬ ಬೇಜಾರಾಗಿತ್ತು. ಆ ಭಾನುವಾರ ಗೋದಾಮಿನ ಗೋಡೆ ಪಕ್ಕ ಕೂತಾಗ ಬೇರೆ ಥರ ಅನ್ನಿಸಿತು. ಮಾತು ಬಿಟ್ಟವರು ಕೂಡ ವೇದಿಕೆ ಮೇಲೆ ಪಕ್ಕದವರ ಸಾಲು ಎಲ್ಲಿ ಮುಗಿಯುತ್ತದೆ ಅಂತ ಕಿವಿಗೊಡುವುದನ್ನು ಬಿಟ್ಟಿರಲಿಲ್ಲ.

ಮಧ್ಯಾಹ್ನ ಗೆಳೆಯನಿಗೆ ಫೋನ್ ಮಾಡಿದೆ. "ಊಟ ಆಯ್ತಾ?" ಅಂದ, ಅಷ್ಟೇ. ಸಂಜೆ ಗಿಟಾರ್ ಹಿಡಿದು ಬಂದ. ಅವನು ಹನ್ನೆರಡು ಬಾರ್, ಅಂದರೆ ಬ್ಲೂಸಿನ ಒಂದು ಸುತ್ತು, ಪೂರ್ತಿ ನುಡಿಸುವವರೆಗೂ ನಾನು ಮೌತ್ ಆರ್ಗನ್ ತೊಡೆಯ ಮೇಲಿಟ್ಟುಕೊಂಡು ಸುಮ್ನೆ ಕೂತಿದ್ದೆ. ಅವನ ಹೆಬ್ಬೆರಳು ಇಷ್ಟು ಚೆನ್ನಾಗಿ ನಡೆಯುತ್ತದೆ ಅಂತ ಎರಡು ವರ್ಷದಲ್ಲಿ ನಾನು ಕೇಳಿಸಿಕೊಂಡೇ ಇರಲಿಲ್ಲ. ಎರಡನೇ ಸುತ್ತು ಶುರುವಾಗುವಾಗ ಅವನು ನನ್ನ ಕಡೆ ನೋಡಿ ತಲೆ ಆಡಿಸಿದ.