ರೆಡಿಮೇಡ್ ಸಿಗುವಾಗ ಯಾಕೆ ಹೆಣೆಯುತ್ತೀರಿ?

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಕೈಗೆ ಸ್ವೆಟರ್ ಹೆಣೆಯುವ ಕಡ್ಡಿ ಬರುತ್ತದೆ. ಅದರ ಹಿಂದೆಯೇ ಈ ಪ್ರಶ್ನೆಯೂ ಬರುತ್ತದೆ. ಕೆಳಗಿನ ಮನೆಯ ಹುಡುಗಿ ಲಿಫ್ಟಿನಲ್ಲಿ ಕೇಳುತ್ತಾಳೆ, ವಾಕಿಂಗ್ ಗೆಳತಿಯರು ಕೇಳುತ್ತಾರೆ, ಊರಿಗೆ ಹೋದರೆ ತಂಗಿಯೂ ಕೇಳುತ್ತಾಳೆ. "ಕಾಕೂ, ಲಕ್ಷ್ಮೀ ರೋಡಿನಲ್ಲಿ 500 ರೂಪಾಯಿಗೆ ಸ್ವೆಟರ್ ಸಿಗುತ್ತೆ. ನೀವು ತಿಂಗಳುಗಟ್ಟಲೆ ಕೂತು ಯಾಕೆ ಹೆಣೆಯುತ್ತೀರಿ? ಅದೂ ಪುಣೆಯ ಈ ಎರಡು ತಿಂಗಳ ಚಳಿಗೆ?"

ಮೊದಲು ಚಳಿಯ ಮಾತು. ಪುಣೆಯ ಚಳಿಯನ್ನು ಹಗುರವಾಗಿ ತಗೋಬೇಡಿ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಇಲ್ಲಿ ಹೊಸದೇನಲ್ಲ. 1935ರ ಜನವರಿಯಲ್ಲಿ 1.7 ಡಿಗ್ರಿಗೆ ಇಳಿದಿತ್ತು. ಮಧ್ಯಾಹ್ನ ಬಿಸಿಲು ಏರುತ್ತದೆ, ನಿಜ. ಅದಕ್ಕೇ ಇಲ್ಲಿ ದಪ್ಪ ಜಾಕೆಟ್ಟು ಬೇಡ. ಬೆಳಿಗ್ಗೆ ಹಾಕಿಕೊಂಡು ಹತ್ತು ಗಂಟೆಗೆ ಮಡಚಿ ಚೀಲಕ್ಕೆ ಹಾಕುವ ಸ್ವೆಟರೇ ಸರಿ.

ಇನ್ನು 500 ರೂಪಾಯಿಯ ಮಾತು. ಅದಕ್ಕೆ ನನ್ನ ಉತ್ತರ ಒಂದೇ. ಕೈಯಲ್ಲಿ ಹೆಣೆದದ್ದನ್ನು ಬಿಚ್ಚಬಹುದು.

ಹೀಗಂದರೆ ಕೇಳಿದವರು ಸುಮ್ನೆ ನನ್ನ ಮುಖ ನೋಡುತ್ತಾರೆ. ಹಾಗಾಗಿ ನನ್ನ ನೀಲಿ ಸ್ವೆಟರಿನ ವಿಷಯ ಹೇಳಿಬಿಡುತ್ತೇನೆ.

1988ರಲ್ಲಿ ಮದುವೆಯಾಗಿ ಧಾರವಾಡದಿಂದ ಪುಣೆಗೆ ಹೊರಟಾಗ ಅವ್ವ ಅದನ್ನು ಹೆಣೆದು ಕೊಟ್ಟಿದ್ದಳು. ಅಪ್ಪಟ ಉಣ್ಣೆ, ಕಡುನೀಲಿ. ಅಂಚಿಗೆ ಹತ್ತನೇ ನಂಬರಿನ ಕಡ್ಡಿ, ಮೈಗೆ ಎಂಟನೇ ನಂಬರು. ನಮ್ಮ ಕಡ್ಡಿಗಳಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಣ್ಣ. ಎಂಟು ಅಂದರೆ 4 ಮಿಲಿಮೀಟರ್, ಹತ್ತು ಅಂದರೆ 3.25. ಹೊಸದಾಗಿ ಕಲಿಯುವವರು ಇಲ್ಲೇ ಎಡವುತ್ತಾರೆ. ಎಂಟು ವರ್ಷ ಅದನ್ನು ಹಾಕಿದೆ. ಕೊನೆಗೆ ಮೊಣಕೈ ಸವೆದು ಆಚೆ ಕಡೆಯ ಬೆಳಕು ಕಾಣತೊಡಗಿತು. ಎಸೆಯಲು ಮನಸ್ಸಾಗಲಿಲ್ಲ. ಆ ಬೇಸಿಗೆಯಲ್ಲಿ ಧಾರವಾಡಕ್ಕೆ ಹೋದಾಗ ಅವ್ವನ ಮುಂದೆ ಇಟ್ಟೆ. "ಅದಕ್ಕೇನಾತು, ಬಿಚ್ಚೋಣಂತ ತಾ" ಅಂದಳು.

ಬಿಚ್ಚುವುದೂ ಒಂದು ಕೆಲಸವೇ. ಮೊದಲು ಪಕ್ಕದ ಜೋಡಣೆಯ ಹೊಲಿಗೆ ಬಿಡಿಸಬೇಕು. ಕತ್ತರಿ ಒಂದು ಕುಣಿಕೆಗೆ ತಾಗಿದರೂ ಎಳೆ ತುಂಡಾಗುತ್ತದೆ. ಆಮೇಲೆ ಹೆಣಿಗೆ ಎಲ್ಲಿ ಮುಗಿದಿತ್ತೋ ಅಲ್ಲಿಂದ ಎಳೆಯಬೇಕು. ಕೆಳಗಿನ ಅಂಚಿನಿಂದ ಎಳೆದರೆ ಬರೀ ಸಿಕ್ಕು. ಮೇಲಿನಿಂದ ಎಳೆದರೆ ಸಾಲು ಸಾಲಾಗಿ ಸರಸರ ಬಿಚ್ಚಿಕೊಳ್ಳುತ್ತದೆ. ಅವ್ವ ಎಳೆದಳು, ನಾನು ಕುರ್ಚಿಯನ್ನು ಬೋರಲು ಹಾಕಿ ಅದರ ಕಾಲುಗಳಿಗೆ ಸುತ್ತಿದೆ. ಬಿಚ್ಚಿದ ಎಳೆ ಮ್ಯಾಗಿಯ ಹಾಗೆ ಸುರುಳಿ ಸುರುಳಿಯಾಗಿರುತ್ತದೆ. ಹಾಗೇ ಹೆಣೆದರೆ ಹೊಸ ಹೆಣಿಗೆ ಮಟ್ಟಸವಾಗಿ ಕೂರುವುದಿಲ್ಲ. ಲಡಿಗೆ ನಾಲ್ಕು ಕಡೆ ಸಡಿಲವಾಗಿ ದಾರ ಕಟ್ಟಿ, ಅಂಟುವಾಳ ಹಾಕಿದ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದೆವು. ಹಿಂಡಲಿಲ್ಲ, ಒತ್ತಿ ನೀರು ತೆಗೆದೆವು. ಹಿತ್ತಿಲ ನೆರಳಿನಲ್ಲಿ ನೇತುಹಾಕಿ, ಕೆಳಗೆ ಭಾರಕ್ಕೆ ಒಂದು ತಂಬಿಗೆ ಕಟ್ಟಿದೆವು. ಮರುದಿನ ಎಳೆ ನೆಟ್ಟಗಾಗಿತ್ತು.

ಸವೆದ ಭಾಗವನ್ನು ತೆಗೆದಿಟ್ಟರೂ ಐದು ವರ್ಷದ ಮಗನಿಗೆ ಒಂದು ಸ್ವೆಟರ್ ಆಯಿತು. ಆ ವಯಸ್ಸಿನ ಮಗುವಿಗೆ 200 ಗ್ರಾಂ ಉಲ್ಲನ್ ಸಾಕು, ದೊಡ್ಡವರಿಗೆ ಅದರ ಎರಡರಷ್ಟು ಬೇಕು. ಉಳಿದದ್ದರಲ್ಲಿ ಮಫ್ಲರು.

ಅಂಗಡಿಯ ಸ್ವೆಟರನ್ನೂ ಬಿಚ್ಚಬಹುದಲ್ವಾ? ಒಳಮೈ ತಿರುಗಿಸಿ ಜೋಡಣೆ ನೋಡಿ. ಅಲ್ಲಿ ಓವರ್‌ಲಾಕ್, ಅಂದರೆ ಕತ್ತರಿಸಿದ ಅಂಚನ್ನು ದಾರದಿಂದ ಸುತ್ತಿ ಹಾಕಿದ ಯಂತ್ರದ ಹೊಲಿಗೆ, ಇದ್ದರೆ, ಅದು ಉದ್ದಕ್ಕೆ ಹೆಣೆದ ಬಟ್ಟೆಯನ್ನು ಕತ್ತರಿಸಿ ಹೊಲಿದದ್ದು. ಪ್ರತಿ ಸಾಲಿನ ಕೊನೆಗೂ ಎಳೆ ತುಂಡಾಗಿರುತ್ತದೆ. ಬಿಚ್ಚಿದರೆ ಬರೀ ಚೂರು. ಇದನ್ನು ನನಗೆ ತೋರಿಸಿಕೊಟ್ಟವಳು ಪ್ರತಿ ಚಳಿಗಾಲ ಸ್ವೆಟರ್ ಮಾರಲು ಪುಣೆಗೆ ಬರುವ ಟಿಬೆಟನ್ನರಲ್ಲಿ ಒಬ್ಬಾಕೆ. ನಾನು ಮರಾಠಿಯಲ್ಲಿ ಬೆಲೆ ಕೇಳಿ, ಜೊತೆಗಿದ್ದ ತಂಗಿಗೆ ಕನ್ನಡದಲ್ಲಿ ಏನೋ ಅಂದೆ. ಆಕೆ ತಟ್ಟನೆ, "ಯಾವ ಊರಿನವರ್ರಿ ನೀವು?" ಅಂದಳು. ಆಕೆ ಮುಂಡಗೋಡದವಳು! 1966ರಿಂದ ಅಲ್ಲಿ ಟಿಬೆಟನ್ನರ ನೆಲೆ ಇದೆಯಲ್ಲ, ಅಲ್ಲೇ ಹುಟ್ಟಿ ಬೆಳೆದವಳು. ಮಾಲು ಲುಧಿಯಾನಾದ್ದು. ಎರಡು ಸ್ವೆಟರ್ ತಿರುಗಿಸಿ ಹಿಡಿದು, "ಇದು ಬಿಚ್ಚಾಕ ಬರಂಗಿಲ್ರಿ ಅಕ್ಕಾ, ಇದು ಬರ್ತದ" ಅಂದಳು. ಎರಡನೆಯದನ್ನು ಕತ್ತರಿಸದೆ ಆಕಾರಕ್ಕೇ ಹೆಣೆದಿದ್ದರು. ಅಂಥದ್ದೂ ಸಿಗುತ್ತದೆ, ಬೆಲೆ ಜಾಸ್ತಿ.

ತುದಿಗೆ ಕೊಕ್ಕೆಯಿರುವ ಒಂದೇ ಕಡ್ಡಿಯಲ್ಲಿ ಹೆಣೆಯುವ ಕ್ರೋಶೆಯ ಮಾತು ಬೇರೆ. ಸ್ವೆಟರ್ ಹೆಣೆಯುವ ಯಂತ್ರಗಳಿವೆ, ನಿಜವಾದ ಕ್ರೋಶೆಯನ್ನು ಹೆಣೆಯುವ ಯಂತ್ರ ಕಾರ್ಖಾನೆಗಳಲ್ಲಿಲ್ಲ. ಹಾಗೆ ಕಾಣುವ ಬಟ್ಟೆ ಬರುತ್ತದೆ, ಅದು ಕ್ರೋಶೆ ಅಲ್ಲ. ಅಂದಮೇಲೆ 300 ರೂಪಾಯಿಗೆ ನಿಜವಾದ ಕ್ರೋಶೆ ಟಾಪ್ ಕಂಡರೆ ಅದರ ಹಿಂದೆ ಒಬ್ಬರ ಕೈ ಇದೆ. ಆಂಧ್ರದ ನರಸಾಪುರದ ಸುತ್ತಮುತ್ತ ಹೆಂಗಸರು ತಲೆಮಾರುಗಳಿಂದ ಮನೆಯಲ್ಲೇ ಕೂತು ಕ್ರೋಶೆ ಲೇಸ್ ಹೆಣೆಯುತ್ತಾರೆ. ಅಂಗಡಿಯವನ ಪಾಲು, ದಾರದ ಬೆಲೆ ಕಳೆದರೆ ಹೆಣೆದವಳಿಗೆ ಏನು ಸಿಗುತ್ತದೆ? ಅಗ್ಗವಾಗಿ ಸಿಗುತ್ತದಲ್ಲ ಅಂತ ಯಾರಾದರೂ ಅಂದಾಗ ನನಗೆ ಇದೇ ಸಂಕಟ.

ನಾನು ಕ್ರೋಶೆ ಕಡ್ಡಿ ಹಿಡಿಯುವುದು ಚೂರುಗಳಿಗಾಗಿ. ಹೆಣಿಗೆಗೆ ಸಾಲದ ಎಳೆಗಳಲ್ಲಿ ಅಂಗೈಯಗಲದ ಚೌಕ ಮಾಡಿ ಇಡುತ್ತೇನೆ. ಸಾಕಷ್ಟು ಕೂಡಿದಾಗ ಜೋಡಿಸಿದರೆ ಹೊದಿಕೆ. ಹಳೇ ಸೀರೆಯಲ್ಲಿ ಅವ್ವ ಕೌದಿ ಹೊಲಿಯುತ್ತಿದ್ದಳಲ್ಲ, ಅದೇ ಲೆಕ್ಕ. ಅಕ್ರಿಲಿಕ್ ಎಳೆ ಇದ್ದರೆ ಇಸ್ತ್ರಿ ಮಾತ್ರ ತಾಗಿಸಬೇಡಿ. ಬಿಸಿಗೆ ಅದು ಜೋಲು ಬೀಳುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ.

ಮಗನಿಗೆ ಸಣ್ಣದಾದ ಆ ನೀಲಿ ಸ್ವೆಟರ್ ಒಣಗಿದ ಬೇವಿನೆಲೆಯ ಜೊತೆ ಇಪ್ಪತ್ತೈದು ವರ್ಷ ಟ್ರಂಕಿನಲ್ಲಿತ್ತು. ಎಲೆಯನ್ನು ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸುತ್ತಿದ್ದೆ. ಅವ್ವ ಈಗಿಲ್ಲ. 2023ರಲ್ಲಿ ಮೊಮ್ಮಗಳು ಟೊರಾಂಟೊದಲ್ಲಿ ಹುಟ್ಟಿದಳು. ಅಲ್ಲಿ ನವೆಂಬರಿನಲ್ಲಿ ಶುರುವಾದ ಚಳಿ ಮಾರ್ಚ್ ಬಂದರೂ ಬಿಡುವುದಿಲ್ಲ. ಸ್ವೆಟರನ್ನು ಒಬ್ಬಳೇ ಬಿಚ್ಚಿದೆ. ಈ ಸಲ ಬಾಲ್ಕನಿಯಲ್ಲಿ ತಂಬಿಗೆ ಕಟ್ಟಿದೆ. 50 ಗ್ರಾಂ ಎಳೆಯಲ್ಲಿ ಒಂದು ಕುಲಾವಿ ಆಯಿತು. ಹಳೆಯ ಉಣ್ಣೆ ಕೂಸಿನ ಹಣೆಗೆ ಚುಚ್ಚಬಾರದಲ್ಲ, ಒಳಗೆ ನನ್ನ ಮಲ್‌ಮಲ್ ಸೀರೆಯ ತುಂಡು ಕೊಟ್ಟು ಹೊಲಿದೆ.

ಹೋದ ವಾರ ಸೊಸೆ ವಿಡಿಯೊ ಕಾಲ್ ಮಾಡಿದ್ದಳು. "ಅತ್ತೆ, ಕುಲಾವಿ ಬಿಗಿಯಾಗ್ತಿದೆ. ಎಲ್ಲಿಂದ ಬಿಚ್ಚೋದು?" ಅಂತ ಕೇಳಿದಳು. ಫೋನಿನ ಹತ್ತಿರಕ್ಕೆ ಹಿಡಿಯಲು ಹೇಳಿದೆ. ಎಡಗಿವಿಯ ಹತ್ತಿರ, ಅಸ್ತರಿನ ಅಂಚಿನ ಕೆಳಗೆ, ಒಂದು ಗೇಣು ಎಳೆಯನ್ನು ಕತ್ತರಿಸದೆ ಮಡಚಿ ಇಟ್ಟಿದ್ದೆ. ಬೆರಳಲ್ಲಿ ತಡವಿ ನೋಡಿ, "ಸಿಕ್ತು" ಅಂದಳು.