ಗೋಲ್ಡನ್ ಟೆಂಪಲ್ ಪೂಜೆಗೆ ನಾವೂ ಕೂರಬಹುದಾ?

ಕುಶಾಲನಗರ, ಮಡಿಕೇರಿ, ಸೋಮವಾರಪೇಟೆ ಕಡೆಯವರು ಮತ್ತೆ ಮತ್ತೆ ಕೇಳುವುದು ಇದನ್ನೇ: "ನೆಂಟರು ಬಂದಾಗಲೆಲ್ಲ ಬೈಲುಕುಪ್ಪೆಗೆ ಕರ್ಕೊಂಡು ಹೋಗಿ ಫೋಟೊ ತೆಗೆದು ಬರ್ತೇವೆ. ಅಲ್ಲಿ ಪೂಜೆಗೆ ನಾವೂ ಕೂರಬಹುದಾ? ಅದಕ್ಕೆ ಬೌದ್ಧರಾಗಬೇಕಾ?"

ಕೂರಬಹುದು, ಬೌದ್ಧರಾಗಬೇಕಿಲ್ಲ. ಆದರೆ ಯಾವ ದಿನ ಹೋಗುತ್ತೀರಿ ಎಂಬುದು ಮುಖ್ಯ.

ಕುಶಾಲನಗರದಿಂದ ಕಾವೇರಿ ದಾಟಿದರೆ ಮೈಸೂರು ಜಿಲ್ಲೆಯ ಬೈಲುಕುಪ್ಪೆ. ಅಲ್ಲಿನ ನಾಮ್‌ಡ್ರೋಲಿಂಗ್ ಮಠವನ್ನು 1963ರಲ್ಲಿ ಪೆನೊರ್ ರಿನ್‌ಪೊಚೆ ಕಟ್ಟಿದರು. ಗೋಲ್ಡನ್ ಟೆಂಪಲ್ ಇರುವುದು ಈ ಮಠದಲ್ಲೇ. ಅದು ಟಿಬೆಟನ್ ಬೌದ್ಧರ ನ್ಯಿಂಗ್ಮಾ ಪರಂಪರೆಯದು. ಹತ್ತಿರದ ಸೆರಾ ಮಠ ಗೆಲುಗ್ ಎಂಬ ಇನ್ನೊಂದು ಪರಂಪರೆಯದು. ನ್ಯಿಂಗ್ಮಾದವರಿಗೆ ಟಿಬೆಟನ್ ತಿಂಗಳ ಹತ್ತನೆಯ ದಿನ ಟಿಬೆಟ್ಟಿಗೆ ಬೌದ್ಧಧರ್ಮ ಒಯ್ದ ಗುರು ಪದ್ಮಸಂಭವರದ್ದು, ಇಪ್ಪತ್ತೈದನೆಯದು ಡಾಕಿನಿ ಎಂಬ ದೇವಿಯರದ್ದು. ವಿಶೇಷ ಪೂಜೆ ಆ ದಿನಗಳಲ್ಲಿ. ನಮ್ಮ ಪಂಚಾಂಗದಲ್ಲಿ ಹೆಚ್ಚುಕಮ್ಮಿ ಶುಕ್ಲ ದಶಮಿ, ಕೃಷ್ಣ ದಶಮಿ. ಆದರೆ ಅವರ ಕ್ಯಾಲೆಂಡರಿನಲ್ಲೂ ತಿಥಿ ಬಿಟ್ಟುಹೋಗುವುದು, ಎರಡು ಸಲ ಬರುವುದು ಉಂಟು. ಪಂಚಾಂಗ ನಂಬಿ ಹೊರಟವರು ಒಂದು ದಿನ ತಪ್ಪಿ ಬಾಗಿಲು ನೋಡಿ ವಾಪಸ್ಸು ಬರಬೇಕಾದೀತು. ಹಿಂದಿನ ದಿನ ಮಠದಲ್ಲೇ ಕೇಳಿಕೊಳ್ಳಿ.

ಒಳಗೆ ಭಿಕ್ಷುಗಳ ಸಾಲಿಗೆ ಹೋಗದೆ ಗೋಡೆ ಬದಿಯಲ್ಲಿ ಕೂರಿ. ಕಾಲು ಮೂರ್ತಿಯ ಕಡೆ ಚಾಚಬಾರದು. ಗ್ರಂಥದ ಹಾಳೆಗಳನ್ನು ನೆಲಕ್ಕಿಡಬಾರದು, ದಾಟಬಾರದು. ನಡುವೆ ಉಪ್ಪು-ಬೆಣ್ಣೆ ಹಾಕಿದ ಚಹಾ ಬಂದರೆ, ಅರ್ಪಣೆಯ ಸಾಲು ಹೇಳಿ ಮುಗಿಯುವ ತನಕ ಕುಡಿಯಬೇಡಿ. ಭಿಕ್ಷುಗಳು ಲೋಟ ಎತ್ತಿದಾಗ ನೀವೂ ಎತ್ತಿದರಾಯಿತು. ದಶಮಿಯ ಪೂಜೆಯಲ್ಲಿ ತ್ಸೊಕ್ ಎಂಬ ಪ್ರಸಾದ ಹಂಚುತ್ತಾರೆ, ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಹಣ್ಣು, ಬಿಸ್ಕತ್ತಿನ ಜೊತೆ ಚೂರು ಮಾಂಸ, ಹನಿ ಮದ್ಯವೂ ಅದರಲ್ಲಿ ಇರಬಹುದು. ಕಾರೋಣರಿಗೆ (ಕುಲದ ಹಿರಿಯರಿಗೆ) ಮೀದಿ, ಅಂದರೆ ಮಾಂಸ-ಮದ್ಯದ ಎಡೆ, ಇಡುವ ಕೊಡವ ಮನೆಯವರು ಇದಕ್ಕೆ ಹುಬ್ಬೇರಿಸುವುದಿಲ್ಲ. ಸಸ್ಯಾಹಾರಿಗಳಿಗೆ ಮೊದಲೇ ಗೊತ್ತಿರಲಿ.

ಅಭಿಷೇಕ, ಅಂದರೆ ಗುರುವಿನಿಂದ ಪಡೆಯುವ 'ವಾಂಗ್' ಎಂಬ ದೀಕ್ಷೆ, ಬೇರೆ ಮಾತು. ಅದರ ಜೊತೆಗೆ ನಿತ್ಯ ಜಪದಂಥ ಕಟ್ಟುಪಾಡು ಬರಬಹುದು. ಏನೆಂದು ವಿಚಾರಿಸದೆ, ಜನ ಸೇರಿದ್ದಾರೆಂದು ಹೋಗಿ ಕೂರುವುದು ನಮಗೆ ಸರಿಕಾಣುವುದಿಲ್ಲ.

ಮುಂದಿನ ಪ್ರಶ್ನೆ: "ಮನೆಯಲ್ಲಿ ಏನು ಮಾಡೋದು?" ಹೆಚ್ಚಿನವರು ಧ್ಯಾನಕ್ಕೆ ಹಾರುತ್ತಾರೆ, ಹತ್ತು ದಿನಕ್ಕೆ ಬಿಡುತ್ತಾರೆ. ನಾವು ಹೇಳುವುದು ಬುದ್ಧನ ಮುಂದೆ ಅರ್ಪಣೆಯಾಗಿ ಇಡುವ ಏಳು ಬಟ್ಟಲು ನೀರು. ನೀರಿಗೆ ಖರ್ಚಿಲ್ಲ, ಕೊಟ್ಟೆನೆಂಬ ಹೆಮ್ಮೆಗೂ ಕೊಡಲಾರದ ಜಿಪುಣತನಕ್ಕೂ ಜಾಗವಿಲ್ಲ. ಅದಕ್ಕೇ ನೀರು.

ಒಂದೇ ಅಳತೆಯ ಏಳು ಬಟ್ಟಲು ಬೇಕು. ಒರೆಸಿ, ಕವುಚಿ ಇಟ್ಟಿರಿ. ಖಾಲಿ ಬಟ್ಟಲನ್ನು ಬುದ್ಧನ ಮುಂದೆ ಬಾಯಿ ಮೇಲಾಗಿ ಇಡುವುದಿಲ್ಲ. ಬೆಳಿಗ್ಗೆ ಮೊದಲ ಬಟ್ಟಲಿಗೆ ನೀರು ಹಾಕಿ, ತಳದಲ್ಲಿ ತುಸು ಉಳಿಸಿ ಮಿಕ್ಕಿದ್ದನ್ನು ಎರಡನೆಯದಕ್ಕೆ ಸುರಿದು, ಮೊದಲನೆಯದನ್ನು ನಿಮ್ಮ ಎಡತುದಿಗೆ ಇಡಿ. ಹೀಗೇ ಬಲಕ್ಕೆ ಸಾಗಬೇಕು. ಬಟ್ಟಲುಗಳ ನಡುವೆ ಒಂದು ಜವೆ ಕಾಳಿನಷ್ಟು ಸಂದು. ಆಮೇಲೆ ಎಡದಿಂದಲೇ, ಅಂಚಿಗೆ ಒಂದು ಕಾಳಿನಷ್ಟು ಕೆಳಗಿನವರೆಗೆ ತುಂಬಿಸಿ. ಅರ್ಘ್ಯ, ಪಾದ್ಯ, ಪುಷ್ಪ, ಧೂಪ, ದೀಪ, ಗಂಧ, ನೈವೇದ್ಯ: ಏಳಕ್ಕೂ ನೀರೇ. ಎಂಟನೆಯ ಅರ್ಪಣೆಯಾದ ನಾದಕ್ಕೆ ಬಟ್ಟಲಿಲ್ಲ. ಸಂಜೆ ಬಲದಿಂದ ಎಡಕ್ಕೆ ಖಾಲಿ ಮಾಡುತ್ತಾ ಬನ್ನಿ, ನೀರನ್ನು ಗಿಡದ ಬುಡಕ್ಕೆ ಹಾಕಿ.

ಕೆಡುವುದು ಅವಸರದಿಂದ. ಎತ್ತರದಿಂದ ಸುರಿದರೆ ಚೆಲ್ಲುತ್ತದೆ. ತಂಬಿಗೆ ಬಿಟ್ಟು ಸಣ್ಣ ಮೂತಿಯ ಹೂಜಿ ಬಳಸಿ. ಕೊಡಗಿನ ಮಳೆಗಾಲದಲ್ಲಿ ಇನ್ನೊಂದು ತೊಂದರೆ: ಒದ್ದೆ ಬಟ್ಟಲನ್ನು ಹಾಗೇ ಒಂದರ ಮೇಲೊಂದು ಪೇರಿಸಿದರೆ ತಾಮ್ರ, ಹಿತ್ತಾಳೆಗೆ ವಾರದೊಳಗೆ ಹಸಿರು ಕಿಲುಬು ಹತ್ತುತ್ತದೆ. ಹುಣಸೆಹಣ್ಣಿನಲ್ಲಿ ಉಜ್ಜಿ, ಒಲೆಯ ಹತ್ತಿರ ಒಣಗಿಸಿ ಆಮೇಲೆ ಕವುಚಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಟೀಲ್ ಬಟ್ಟಲು ಇಟ್ಟರೂ ದೋಷವಿಲ್ಲ.