24 ಗಂಟೆಯ ಓಟದ ಪಿಟ್, ಪ್ರೊಡಕ್ಷನ್‌ನ ರಾತ್ರಿಪಾಳಿ

ಅಬ್‌ಸ್ಟಕಲ್ ರೇಸನ್ನು, ಅಂದರೆ ಅಡೆತಡೆ ದಾಟುತ್ತ ಓಡುವ ಓಟವನ್ನು, ಸಾಫ್ಟ್‌ವೇರ್ ಕೆಲಸಕ್ಕೆ ಹೋಲಿಸುವವರು ಛಲ, ಬೆವರು, ಟೀಮ್ ಸ್ಪಿರಿಟ್ ಅಂತಲೇ ಶುರುಮಾಡುತ್ತಾರೆ. ಕಂಪನಿಯ ಟೌನ್‌ಹಾಲ್ ಸಭೆಯ ಭಾಷಣಕ್ಕೆ ಅಷ್ಟು ಸಾಕು. ಆದರೆ ಹೊತ್ತು ಎಲ್ಲಿ ಸೋರುತ್ತದೆ ಅಂತ ಲೆಕ್ಕ ಹಾಕಿದಾಗಲೇ ಈ ಎರಡು ಕೆಲಸಗಳ ನಂಟು ಕಾಣುವುದು. ಬೆಂಗಳೂರಿನಲ್ಲೂ ನಡೆಯುವ ಡೆವಿಲ್ಸ್ ಸರ್ಕ್ಯೂಟ್‌ನಂಥ 5 ಕಿ.ಮೀ. ಓಟದಲ್ಲಿ ಇದು ಗೊತ್ತಾಗುವುದಿಲ್ಲ. ದಣಿವು ಏರುವಷ್ಟರಲ್ಲಿ ಓಟವೇ ಮುಗಿದಿರುತ್ತದೆ. ಟಫ್ ಮಡರ್‌ನವರು 2011ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಶುರುಮಾಡಿದ ವರ್ಲ್ಡ್ಸ್ ಟಫೆಸ್ಟ್ ಮಡರ್ ನೋಡಬೇಕು. 24 ಗಂಟೆ, ಸಾಮಾನ್ಯವಾಗಿ 5 ಮೈಲಿಯ, ಅಂದರೆ ಸುಮಾರು 8 ಕಿ.ಮೀ.ಯ ಸುತ್ತು. ಪ್ರತಿ ಸುತ್ತಿನಲ್ಲೂ ಗೋಡೆ, ನೇತಾಡಿ ದಾಟುವ ಕಂಬಿ, ಕೆಸರು, ತಣ್ಣೀರು. ಹೆಚ್ಚು ದೂರ ಹೋದವರಿಗೆ ಗೆಲುವು.

ಸುತ್ತು ಮುಗಿದಾಗಲೆಲ್ಲ ಓಟಗಾರ ಪಿಟ್‌ಗೆ, ಅಂದರೆ ತಿಂದು ಬಟ್ಟೆ ಬದಲಿಸಿಕೊಳ್ಳುವ ತಂಗುದಾಣಕ್ಕೆ, ಬರುತ್ತಾನೆ. ಹತ್ತು ಸುತ್ತಿಗೆ ನಡುವೆ ಒಂಬತ್ತು ನಿಲುಗಡೆ. ಒಂದೊಂದಕ್ಕೆ 5 ನಿಮಿಷದ ಬದಲು 12 ನಿಮಿಷ ಹಿಡಿದರೆ 63 ನಿಮಿಷ ಹೋಯಿತು; ಹತ್ತು ಸುತ್ತಿನ ವೇಗದವರಿಗೆ ಹೆಚ್ಚುಕಡಿಮೆ ಅರ್ಧ ಸುತ್ತು. ಗೋಡೆ ಹತ್ತುವ ಅಭ್ಯಾಸ ಎಷ್ಟು ಮಾಡಿದರೂ ಇಷ್ಟು ಹೊತ್ತು ಉಳಿಯುವುದಿಲ್ಲ. ಕೋಡಿನದೂ ಇದೇ ಕಥೆ. ಎರಡು ಗಂಟೆಯಲ್ಲಿ ಬರೆದದ್ದು ರಿವ್ಯೂಗೆ, ಅಂದರೆ ಇನ್ನೊಬ್ಬರು ಓದಿ ಒಪ್ಪುವುದಕ್ಕೆ, ಒಂದೂವರೆ ದಿನ ಕಾಯುತ್ತದೆ. ಆಮೇಲೆ 40 ನಿಮಿಷದ ಟೆಸ್ಟ್, ಅದರಲ್ಲಿ ಕಾರಣವಿಲ್ಲದೆ ಒಂದು ಫೇಲ್, ಮತ್ತೆ 40 ನಿಮಿಷ. ಮೊದಲ ಕಮಿಟ್ (ಕೋಡ್ ಉಳಿಸಿದ್ದು), ರಿವ್ಯೂ ಕೇಳಿದ್ದು, ಮರ್ಜ್ (ಮುಖ್ಯ ಕೋಡಿಗೆ ಸೇರಿಸಿದ್ದು), ಡಿಪ್ಲಾಯ್ (ಸರ್ವರ್‌ಗೆ ಏರಿಸಿದ್ದು): ಒಂದು ತಿಂಗಳು ಈ ನಾಲ್ಕು ಸಮಯಗಳನ್ನು ಬರೆದಿಡಿ. ಟೈಪ್ ಮಾಡುವ ವೇಗದ ಬಗ್ಗೆ ಆಮೇಲೆ ಯಾರೂ ಮಾತಾಡುವುದಿಲ್ಲ. ಒಂದು ಬದಲಾವಣೆ 200 ಸಾಲಿನೊಳಗೆ, ಒಂದೇ ವಿಷಯಕ್ಕೆ. ರಿವ್ಯೂ ಕೇಳಿದ ಅರ್ಧ ದಿನದೊಳಗೆ ಮೊದಲ ನೋಟ. ಆಗಾಗ ಸುಮ್ಮನೆ ಫೇಲ್ ಆಗುವ ಟೆಸ್ಟನ್ನು ಮುಖ್ಯ ಸಾಲಿನಿಂದ ತೆಗೆದು ಬೇರೆ ಓಡಿಸುವುದು. ಬಹಳ ತಂಡಗಳಿಗೆ ಇಷ್ಟೇ ಸಾಕಾಗುತ್ತದೆ.

ಪಿಟ್‌ನ ಪೆಟ್ಟಿಗೆ ತುಂಬುವುದಕ್ಕೂ ಕ್ರಮವಿದೆ. ಮೊದಲು ಬೇಕಾದದ್ದು ಮೇಲೆ. ಪ್ರತಿ ಸುತ್ತಿನ ಆಹಾರ ನಂಬರ್ ಬರೆದ ಬೇರೆ ಬೇರೆ ಜಿಪ್ ಚೀಲದಲ್ಲಿ, ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಲೆಕ್ಕ. ಅದಕ್ಕಿಂತ ಹೆಚ್ಚು ತಿನ್ನುವವರು ಗ್ಲೂಕೋಸ್ ಜೊತೆ ಫ್ರಕ್ಟೋಸ್ ಬೆರೆಸಬೇಕು. ಬರೀ ಗ್ಲೂಕೋಸನ್ನು ಕರುಳು ಗಂಟೆಗೆ ಅಷ್ಟೇ ಹೀರಿಕೊಳ್ಳುತ್ತದೆ, ಉಳಿದದ್ದು ಹೊಟ್ಟೆ ಕೆಡಿಸುತ್ತದೆ. ವೆಟ್‌ಸೂಟ್, ಅಂದರೆ ಒದ್ದೆಯಲ್ಲೂ ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು, ಹಾಕುವುದು ಚಳಿ ಹಿಡಿಯುವ ಮೊದಲು. ನಡುಕ ಶುರುವಾದ ಮೇಲೆ ಬೆರಳಿಗೆ ಜಿಪ್ ಎಳೆಯಲು ಬರುವುದಿಲ್ಲ, ಕುಳಿತಷ್ಟೂ ಮೈ ತಣ್ಣಗಾಗುತ್ತದೆ. ಅದೇ ಬಗೆಯ ನಿಯೋಪ್ರೀನ್ ಗ್ಲೌಸ್ ಬೆಚ್ಚಗಿಡುತ್ತದೆ, ಆದರೆ ಒದ್ದೆ ಕಂಬಿಯ ಮೇಲೆ ಜಾರುತ್ತದೆ. ಕಂಬಿ ಬರುವ ಮೊದಲು ತೆಗೆದು ಸೂಟಿನೊಳಗೆ ತುರುಕಬೇಕು.

ಕಂಬಿಯಿಂದ ಬಿದ್ದವರು ಸಾಮಾನ್ಯವಾಗಿ ಎದ್ದು ತಕ್ಷಣ ಮತ್ತೆ ಹಾರುತ್ತಾರೆ. ಮುಂಗೈ ಬಿಗಿದು ರಕ್ತ ಓಡಾಡದೆ ಹಿಡಿತ ಹೋಗಿರುತ್ತದೆ. ಅದೇ ಮುಂಗೈ ಹತ್ತು ಸೆಕೆಂಡಿನಲ್ಲಿ ಸರಿಹೋಗುವುದಿಲ್ಲ. ಕೈ ಕೆಳಗೆ ಬಿಟ್ಟು ಕೊಡವುತ್ತ ಎರಡು ಮೂರು ನಿಮಿಷ ನಿಲ್ಲಬೇಕು, ಇಲ್ಲವೇ ಆ ಅಡೆತಡೆ ಬಿಟ್ಟದ್ದಕ್ಕೆ ಇರುವ ದಂಡ ಪೂರೈಸಿ ಮುಂದೆ ಹೋಗಬೇಕು. ಬಸವಳಿದ ಸರ್ವರ್‌ಗೆ ರಿಟ್ರೈ, ಅಂದರೆ ವಿಫಲವಾದ ಕೋರಿಕೆಯನ್ನೇ ಮತ್ತೆ, ಕಳಿಸುವಾಗಲೂ ಇದೇ ತಪ್ಪು ನಡೆಯುತ್ತದೆ. ಸರ್ವರನ್ನು ಕೇಳುವ ಸಾವಿರ ಕ್ಲೈಂಟ್ ಪ್ರೋಗ್ರಾಮ್‌ಗಳು ತಕ್ಷಣ, ಒಟ್ಟಿಗೆ ಮತ್ತೆ ಕೇಳಿದರೆ ಏಳುತ್ತಿದ್ದ ಸರ್ವರ್ ಮತ್ತೆ ಬೀಳುತ್ತದೆ. 1, 2, 4, 8 ಸೆಕೆಂಡ್ ಹೀಗೆ ಅಂತರ ದ್ವಿಗುಣವಾಗುತ್ತ ಹೋಗಬೇಕು, ಪ್ರತಿ ಅಂತರಕ್ಕೂ ಸ್ವಲ್ಪ ಯಾದೃಚ್ಛಿಕ ಹೆಚ್ಚುಕಡಿಮೆ ಸೇರಬೇಕು, ಐದಾರು ಸಲ ಆದಮೇಲೆ ಬಿಟ್ಟುಬಿಡಬೇಕು. ಆ ಯಾದೃಚ್ಛಿಕ ಭಾಗವನ್ನು ಮರೆಯುವವರೇ ಹೆಚ್ಚು. ಅದಿಲ್ಲದಿದ್ದರೆ ಎಲ್ಲ ಕ್ಲೈಂಟ್‌ಗಳೂ ಹೆಜ್ಜೆ ಕೂಡಿಸಿಕೊಂಡು ಮತ್ತೆ ಒಂದೇ ಕ್ಷಣಕ್ಕೆ ಬರುತ್ತವೆ.

ಬೆಳಗಿನ ಜಾವ ಮೂರಕ್ಕೆ ತೀರ್ಮಾನ ಮಾಡುವ ಕೆಲಸ ಓಟಗಾರನದಾಗಬಾರದು. ಹಗಲಿನಲ್ಲೇ ಚೀಟಿ ಬರೆದು ಪಿಟ್‌ನಲ್ಲಿರುವ ಜೊತೆಗಾರನ ಕೈಗೆ ಕೊಟ್ಟಿರಬೇಕು: ಮಾತು ತೊದಲಿದರೆ, ಒದ್ದೆಯಾಗಿದ್ದೂ ನಡುಕ ನಿಂತಿದ್ದರೆ ನೇರ ಮೆಡಿಕಲ್ ಟೆಂಟ್, ಚರ್ಚೆಯಿಲ್ಲ.

ಇಂಥ ಚೀಟಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಫ್ಟ್‌ವೇರ್‌ನಲ್ಲಿ ನೈಟ್ ಕ್ಯಾಪಿಟಲ್ ಇದೆ. 2012ರ ಆಗಸ್ಟ್ 1ರಂದು ಈ ಅಮೆರಿಕದ ಷೇರು ವಹಿವಾಟು ಕಂಪನಿಯ 8 ಸರ್ವರ್‌ಗಳಲ್ಲಿ 7ಕ್ಕೆ ಮಾತ್ರ ಹೊಸ ಕೋಡ್ ತಲುಪಿತ್ತು. ಎಂಟನೆಯದರಲ್ಲಿ ವರ್ಷಗಳ ಹಿಂದೆ ಬಳಕೆ ತಪ್ಪಿದ ಕೋಡ್ ಹಾಗೇ ಕೂತಿತ್ತು, ಹೊಸ ಕೋಡನ್ನು ಚಾಲೂ ಮಾಡಲು ಆರಿಸಿಕೊಂಡ ಫ್ಲ್ಯಾಗ್ (ಸ್ವಿಚ್ಚಿನಂಥ ಗುರುತು) ಹಿಂದೆ ಆ ಹಳೆಯ ಕೋಡಿನದ್ದೇ. ಪೇಟೆ ತೆರೆದದ್ದೇ ತಡ, ಅದು ಆರ್ಡರ್ ಮೇಲೆ ಆರ್ಡರ್ ಸುರಿಯಿತು. ತಂಡ ಸರಿಯಾಗಿದ್ದ ಏಳರಿಂದ ಹೊಸ ಕೋಡ್ ಕಿತ್ತಿತು. ಈಗ ಎಂಟಕ್ಕೆ ಎಂಟೂ ಹಳೆಯದನ್ನೇ ಓಡಿಸಿದವು. ಸುಮಾರು 45 ನಿಮಿಷ, 46 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ರೋಲ್‌ಬ್ಯಾಕ್, ಅಂದರೆ ಹಳೆಯ ಕೋಡಿಗೆ ಮರಳುವುದು, ಯಾವಾಗಲೂ ಸುರಕ್ಷಿತ ಅನ್ನುವವರು ಇದನ್ನು ಎರಡು ಸಲ ಓದಬೇಕು. ಆನ್‌ಕಾಲ್, ಅಂದರೆ ತೊಂದರೆ ಬಂದಾಗ ಎದ್ದು ನೋಡುವ ಪಾಳಿಯವರ, ಚೀಟಿಯಲ್ಲಿ ಮೊದಲ ಸಾಲು ಸರ್ವರ್‌ಗೆ ಬರುವ ಟ್ರಾಫಿಕ್ ನಿಲ್ಲಿಸುವ ಕಮಾಂಡ್ ಇರಲಿ, ಎರಡನೆಯದು ಎಲ್ಲ ಸರ್ವರ್‌ಗಳ ಆವೃತ್ತಿ ಒಂದೇ ಇದೆಯೇ ಎಂದು ನೋಡುವುದು. ರೋಲ್‌ಬ್ಯಾಕ್ ಆಮೇಲೆ.

ಹೋಲಿಕೆ ಒಂದು ಕಡೆ ಮುರಿಯುತ್ತದೆ. ಓಟಕ್ಕೆ 24 ಗಂಟೆಗೆ ಶಿಳ್ಳೆ ಬೀಳುತ್ತದೆ, ಆಮೇಲೆ ವಾರಗಟ್ಟಲೆ ವಿಶ್ರಾಂತಿ. ಪ್ರಾಡಕ್ಟ್‌ಗೆ ಶಿಳ್ಳೆ ಇಲ್ಲ. ಆದ್ದರಿಂದ ರಾತ್ರಿ ಪೂರ್ತಿ ಎದ್ದಿರುವುದನ್ನು ಓಟದಿಂದ ಎರವಲು ತರುವ ಮ್ಯಾನೇಜರ್‌ಗೆ ಆ ವಿಶ್ರಾಂತಿಯನ್ನೂ ತರಲು ಹೇಳಿ.

ತಾಲೀಮು ಮಾತ್ರ ಧಾರಾಳವಾಗಿ ಎರವಲು ತರಬಹುದು. ಮನೆಯಲ್ಲೇ ಕೈಯನ್ನು ಐಸ್ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ದೀಪ ಆರಿಸಿ, ಹೆಡ್‌ಲ್ಯಾಂಪ್ ಬೆಳಕಲ್ಲಿ ವೆಟ್‌ಸೂಟ್ ಹಾಕಿ ನೋಡಿ. ಹಾಗೆಯೇ ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಖಾಲಿ ಸರ್ವರ್ ಮೇಲೆ, ರಿಸ್ಟೋರ್ ಚೀಟಿ ಬರೆಯದವರ ಕೈಯಿಂದ ರಿಸ್ಟೋರ್ ಮಾಡಿಸಿ. ಎಲ್ಲಿ ಕೈ ತಡೆಯುತ್ತದೋ ಆ ಸಾಲನ್ನು ಚೀಟಿಯಲ್ಲಿ ತಿದ್ದಿ.